ತಂತಿಯ ಆ ತುದಿಯಲ್ಲಿ ಗಾಜಿನ ಗೋಡೆ

ಮಳೆಗಾಲ ಮುಗಿದು ಸೂರ್ಯ ದಕ್ಷಿಣಕ್ಕೆ ವಾಲುತ್ತಿದ್ದಂತೆ ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಒಂದು ಕೆಲಸ ಹೆಚ್ಚುತ್ತದೆ. ತೋಟದ ಅಂಚಿನಲ್ಲಿರುವ ಎಳೆಯ ಮರಗಳ ಕಾಂಡಕ್ಕೆ, ನೈಋತ್ಯದ ಬಿಸಿಲು ತಾಗುವ ಮಗ್ಗುಲಿಗೆ, ಸೋಗೆ ಕಟ್ಟಬೇಕು; ಇಲ್ಲವೇ ಸುಣ್ಣ ಬಳಿಯಬೇಕು. ಮಧ್ಯಾಹ್ನ ಕಳೆದ ಮೇಲಿನ ಓರೆ ಬಿಸಿಲು ಹಸಿರು ಕಾಂಡವನ್ನು ಸುಡುತ್ತದೆ. ಸುಟ್ಟ ಭಾಗ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕಡೆಗೆ ಬಿರಿಯುತ್ತದೆ. ಕೆಲವು ವರ್ಷಗಳ ನಂತರ ಗಾಳಿ ಬೀಸಿದಾಗ ಮರ ಅಲ್ಲಿಯೇ ಮುರಿದು ಬೀಳುತ್ತದೆ. ಹೊಸದಾಗಿ ತೋಟ ಹಾಕುವವರು ಸಾಲುಗಳನ್ನು ನೇರ ಉತ್ತರ–ದಕ್ಷಿಣವಾಗಿ ಇಡದೆ 35 ಡಿಗ್ರಿಯಷ್ಟು ಪಶ್ಚಿಮಕ್ಕೆ ಓರೆಯಾಗಿಸಬೇಕು, ದಕ್ಷಿಣ ಮತ್ತು ಪಶ್ಚಿಮದ ಗಡಿಗಳಲ್ಲಿ ಬೇಗ ಬೆಳೆಯುವ ನೆರಳಿನ ಮರಗಳನ್ನು ಬೆಳೆಸಬೇಕು ಎಂಬುದು ಅಡಿಕೆ ಸಂಶೋಧನೆಯ ಹಳೆಯ ಶಿಫಾರಸು. ಸಂಶೋಧನೆಗೂ ಮೊದಲೇ ಅದರ ಅರ್ಧ ಪಾಲು ಬೆಳೆಗಾರನಿಗೆ ತಿಳಿದಿತ್ತು. ಒಂದು ಎಕರೆ ತೋಟದ ಒಡೆಯನಿಗೂ ಬಿಸಿಲು ಯಾವ ದಿಕ್ಕಿನಿಂದ, ಯಾವ ತಿಂಗಳಿನಲ್ಲಿ, ಎಷ್ಟು ಹೊತ್ತಿಗೆ ಬಂದು ಹಾನಿ ಮಾಡುತ್ತದೆಂಬ ಅರಿವಿದೆ.

ಅದೇ ಸೂರ್ಯ ಬೆಂಗಳೂರಿನ ಹೊರವರ್ತುಲ ರಸ್ತೆಯ ಮೇಲೂ ವಾಲುತ್ತಾನೆ. ಅಲ್ಲಿ ಹತ್ತಾರು ಅಂತಸ್ತಿನ ಕಚೇರಿ ಕಟ್ಟಡಗಳು ಪಶ್ಚಿಮಕ್ಕೆ ಮುಖಮಾಡಿ, ತಳದಿಂದ ತುದಿಯವರೆಗೆ ಗಾಜನ್ನೇ ಹೊದ್ದು ನಿಂತಿವೆ. ಮಾಡಿಲ್ಲ, ಸೂರಿನ ಚಾಚಿಲ್ಲ, ನೆರಳಿಗೆ ಒಂದು ಮರವಿಲ್ಲ. ತೆರೆಯಬಲ್ಲ ಕಿಟಕಿಯೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ವರ್ಷದ ಬಹುಪಾಲು ತಣ್ಣನೆಯ ಗಾಳಿ ಬೀಸುವ ಊರಿನಲ್ಲಿ, ಗಾಳಿಯನ್ನು ಹೊರಗಿಟ್ಟು ಬಿಸಿಲನ್ನು ಒಳಗೆ ಕರೆದುಕೊಳ್ಳುವ ಪೆಟ್ಟಿಗೆಗಳನ್ನು ಕಟ್ಟಲಾಗಿದೆ. ಒಳಬಂದ ಬಿಸಿಲನ್ನು ಹೊರದೂಡಲು ಹಗಲಿರುಳು ಯಂತ್ರ ಓಡಬೇಕು. ಯಂತ್ರ ಓಡಲು ವಿದ್ಯುತ್ತು ಬೇಕು. ವಿದ್ಯುತ್ತಿನ ತಂತಿಯನ್ನು ಹಿಡಿದು ಹಿಂದಕ್ಕೆ ನಡೆದರೆ ಅದು ಹಲವು ಕವಲಾಗುತ್ತದೆ. ಒಂದು ಕವಲು ರಾಯಚೂರಿನ ಕಲ್ಲಿದ್ದಲಿಗೆ, ಒಂದು ಕೈಗಾಕ್ಕೆ, ಒಂದು ಪಾವಗಡದ ಸೌರಫಲಕಗಳಿಗೆ ಹೋಗುತ್ತದೆ. ಇನ್ನೊಂದು ಕವಲು ಘಟ್ಟ ಹತ್ತಿ ಶರಾವತಿ, ಕಾಳಿ, ವಾರಾಹಿಗಳ ಕಣಿವೆಗಳಿಗೆ ಬರುತ್ತದೆ.

ಮಲೆನಾಡಿನ ಪರಿಸರ ಹೋರಾಟಗಳು ಇಷ್ಟು ವರ್ಷ ತಂತಿಯ ಈ ತುದಿಯಲ್ಲಿ ನಡೆದಿವೆ. ಅಣೆಕಟ್ಟಿನ ಬುಡದಲ್ಲಿ, ಸುರಂಗದ ಬಾಯಿಯಲ್ಲಿ, ಕಡಿಯಲು ಗುರುತು ಹಾಕಿದ ಮರದ ಕೆಳಗೆ. ಅದು ಅನಿವಾರ್ಯವೂ ಆಗಿತ್ತು. ಆದರೆ ತಂತಿಯ ಆ ತುದಿಯಲ್ಲಿ ಏನು ಕಟ್ಟಲಾಗುತ್ತಿದೆ, ಯಾವ ನಿಯಮದಡಿ ಕಟ್ಟಲಾಗುತ್ತಿದೆ, ಆ ನಿಯಮ ಪಾಲನೆಯಾಗುತ್ತಿದೆಯೇ ಎಂಬ ಪ್ರಶ್ನೆಯನ್ನು ಯಾವ ಜಾಥಾವೂ ಕೇಳಿದಂತಿಲ್ಲ. ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಹಸಿರು ನಿಯಮವನ್ನು ಕಡ್ಡಾಯಗೊಳಿಸುವುದು ನಗರದ ವಾಸ್ತುಶಿಲ್ಪಿಗಳ, ಎಂಜಿನಿಯರುಗಳ ಚರ್ಚೆಯೆಂದು ಬದಿಗಿಡಲಾಗಿದೆ. ಅದು ಕಣಿವೆಯ ಪ್ರಶ್ನೆ. ಕಣಿವೆಯವರೇ ಎತ್ತಬೇಕಾದ ಪ್ರಶ್ನೆ.

ಕಾನೂನು ಇಲ್ಲವೆಂದಲ್ಲ. ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಅದರಡಿ ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯನ್ನು ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2007ರಲ್ಲಿ ಹೊರತಂದಿತು. ಮೊದಲಿಗೆ ಅದು 500 ಕಿಲೋವ್ಯಾಟ್ ಸಂಪರ್ಕದ ಕಟ್ಟಡಗಳಿಗೆ ಮಾತ್ರ ಅನ್ವಯಿಸುವಂತಿತ್ತು. 2010ರ ತಿದ್ದುಪಡಿ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿತು. ಆದರೆ ಸಂಹಿತೆಯನ್ನು ತಮ್ಮ ಹವಾಗುಣಕ್ಕೆ ತಕ್ಕಂತೆ ತಿದ್ದಿಕೊಂಡು ಅಧಿಸೂಚನೆ ಹೊರಡಿಸುವ, ಕಟ್ಟಡ ಉಪವಿಧಿಗಳಲ್ಲಿ ಸೇರಿಸುವ, ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆ ರಾಜ್ಯಗಳದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಕೇಂದ್ರ ಕೊಟ್ಟಿತು, ರಾಜ್ಯಗಳು ವರ್ಷಗಟ್ಟಲೆ ಎಣಿಸುತ್ತ ಕುಳಿತವು. ಅಧಿಸೂಚನೆ ಹೊರಡಿಸಿದ ರಾಜ್ಯಗಳಲ್ಲೂ, ಕರ್ನಾಟಕವೂ ಸೇರಿ, ಅಧಿಸೂಚನೆಯಿಂದ ಇಟ್ಟಿಗೆ–ಗಾರೆಯವರೆಗಿನ ದಾರಿ ಬಹಳ ಉದ್ದವಾಯಿತು.

2017ರಲ್ಲಿ ಸಂಹಿತೆ ಪರಿಷ್ಕೃತವಾಯಿತು. ಸಾಮಾನ್ಯ ಕಟ್ಟಡಕ್ಕಿಂತ ಶೇ 25ರಷ್ಟು ಕಡಿಮೆ ಇಂಧನ ಬಳಸುವುದು ಕನಿಷ್ಠ ಮಟ್ಟ, ಶೇ 35 ನಡುವಣದು, ಶೇ 50 ಅತ್ಯುತ್ತಮ ಎಂದು ಮೂರು ಮೆಟ್ಟಿಲುಗಳನ್ನು ಅದು ಹಾಕಿಕೊಟ್ಟಿತು. ನಿರ್ದೇಶಿತ ವಿಧಾನದಲ್ಲಿ ಗೋಡೆಯ ಶೇ 40ಕ್ಕಿಂತ ಹೆಚ್ಚು ಭಾಗ ಗಾಜಿರಬಾರದೆಂದೂ ಹೇಳಿತು. ಹಾಗಿದ್ದರೆ ಪೂರ್ಣ ಗಾಜಿನ ಕಟ್ಟಡಗಳು ಹೇಗೆ ಏಳುತ್ತಿವೆ? ಸಂಹಿತೆಯಲ್ಲಿ ಇನ್ನೊಂದು ಬಾಗಿಲಿದೆ. ಗಾಜು ಹೆಚ್ಚಾದರೂ ಚಿಂತೆಯಿಲ್ಲ. ದಕ್ಷವಾದ ಶೀತಲಯಂತ್ರ, ಒಳ್ಳೆಯ ದೀಪಗಳಿಂದ ಆ ನಷ್ಟವನ್ನು ತುಂಬಿಕೊಟ್ಟು, ಒಟ್ಟು ಲೆಕ್ಕ ಸರಿಯಾಗುತ್ತದೆಂದು ಕಂಪ್ಯೂಟರಿನ ಮಾದರಿಯಲ್ಲಿ ತೋರಿಸಿದರೆ ಸಾಕು. ತತ್ತ್ವದಲ್ಲಿ ಇದು ತಪ್ಪಲ್ಲ. ಆದರೆ ಗೋಡೆ ನೂರು ವರ್ಷ ಬಾಳುವಂಥದು; ಯಂತ್ರದ ಆಯುಸ್ಸು ಹದಿನೈದು, ಹೆಚ್ಚೆಂದರೆ ಇಪ್ಪತ್ತೈದು ವರ್ಷ. ಅದನ್ನು ಕಾಲಕಾಲಕ್ಕೆ ಶುಚಿ ಮಾಡದಿದ್ದರೆ ಮೂರನೆಯ ವರ್ಷಕ್ಕೇ ದಕ್ಷತೆ ಇಳಿಯತೊಡಗುತ್ತದೆ. ಮಾದರಿ ಮಾತ್ರ ಕಡತದಲ್ಲಿ ಹೊಚ್ಚ ಹೊಸದಾಗಿಯೇ ಇರುತ್ತದೆ.

2022ರಲ್ಲಿ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ, 2024ರಲ್ಲಿ ಇಂಧನದ ಜೊತೆಗೆ ನೀರು, ತ್ಯಾಜ್ಯ, ಕಟ್ಟಡ ಸಾಮಗ್ರಿಗಳನ್ನೂ ಒಳಗೊಂಡ ಹೊಸ ಸಂಹಿತೆ ಹೊರಬಂತು. ಕಾಗದ ಚೆನ್ನಾಗಿದೆ. ಮೊದಲ ಕಾಯ್ದೆಯಿಂದ ಈ ಕಾಗದಕ್ಕೆ 23 ವರ್ಷ ಹಿಡಿಯಿತು. ಈ ಅವಧಿಯಲ್ಲಿಯೇ ಬೆಂಗಳೂರು ದೇಶದ ಅತಿ ದೊಡ್ಡ ಕಚೇರಿ ಮಾರುಕಟ್ಟೆಯಾಗಿ ಬೆಳೆಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಸಂಭ್ರಮದಲ್ಲಿ, ಹಾಕಿದ ಬಾಗಿಲಿಗೆ ಅಗುಳಿ ಇದೆಯೇ ಎಂದು ನೋಡುವವರೂ ಇಲ್ಲ.

ಕಡ್ಡಾಯ ಮಾಡುವುದು ಸರ್ಕಾರಕ್ಕೆ ಬಾರದ ವಿದ್ಯೆಯೇನಲ್ಲ. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಲಾಯಿತು. ಮೂವತ್ತು–ನಲವತ್ತರ ನಿವೇಶನದಲ್ಲಿ, ಅಂದರೆ 1,200 ಚದರಡಿಯಲ್ಲಿ, ಹೊಸದಾಗಿ ಮನೆ ಕಟ್ಟುವ ನಿವೃತ್ತ ಮೇಷ್ಟರಿಗೂ ಅದು ಅನ್ವಯ. ಪಾಲಿಸದವರಿಗೆ ನೀರಿನ ಬಿಲ್ಲಿನಲ್ಲಿಯೇ ದಂಡ ಬರುತ್ತದೆ. ಮಳೆನೀರು ಕೊಯ್ಲು ಬೇಕಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಸಾವಿರ ಚದರಡಿಯ ಮನೆಯವನ ಮೇಲೆ ನಿಯಮ ಹೇರಿ ಬಿಲ್ಲಿನ ಮೂಲಕ ದಂಡ ವಸೂಲಿ ಮಾಡಬಲ್ಲ ವ್ಯವಸ್ಥೆ, ಹತ್ತು ಲಕ್ಷ ಚದರಡಿಯ ಕಟ್ಟಡದ ಮುಂದೆ ನಿಂತಾಗ ಏಕೆ ಇದ್ದಕ್ಕಿದ್ದಂತೆ ‘ಪ್ರೋತ್ಸಾಹ’, ‘ಜಾಗೃತಿ’, ‘ಸ್ವಯಂಪ್ರೇರಣೆ’ಗಳ ಭಾಷೆ ಮಾತನಾಡತೊಡಗುತ್ತದೆ? ರೈತನ ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ತನ್ನು ಗಂಟೆ ಎಣಿಸಿ ಕೊಡಲಾಗುತ್ತದೆ. ರಾಜ್ಯದ ವಿದ್ಯುತ್ತಿನ ಮೂರನೆಯ ಒಂದು ಭಾಗದಷ್ಟನ್ನು ಕೃಷಿಯೇ ನುಂಗುತ್ತದೆಂಬ ದೂರು ಪ್ರತಿ ಬೇಸಿಗೆಯಲ್ಲೂ ಕೇಳಿಬರುತ್ತದೆ. ದೂರಿನಲ್ಲಿ ಸತ್ಯವಿದೆ, ಪಂಪ್‌ಸೆಟ್ಟುಗಳ ದಕ್ಷತೆಯೂ ಸುಧಾರಿಸಬೇಕು. ಗಂಟೆ ಎಣಿಸುವ ಕೈ ಮಾತ್ರ ಒಂದೇ ಕಡೆಗೆ ಚಾಚಿದೆ.

ಬಹಳಷ್ಟು ದೊಡ್ಡ ಕಟ್ಟಡಗಳ ಹಜಾರದಲ್ಲಿ ಈಗ ಒಂದು ಫಲಕ ತೂಗುತ್ತದೆ. ಚಿನ್ನ, ಪ್ಲಾಟಿನಂ, ಪಂಚತಾರೆ. ಭಾರತೀಯ ಹಸಿರು ಕಟ್ಟಡ ಮಂಡಳಿ 2001ರಲ್ಲಿ ಹುಟ್ಟಿತು. ಹೈದರಾಬಾದಿನ ಸೊರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರ 2004ರ ಹೊತ್ತಿಗೆ ಅಮೆರಿಕದ ಹೊರಗೆ ‘ಲೀಡ್’ ಪ್ಲಾಟಿನಂ ಪಡೆದ ಮೊದಲ ಕಟ್ಟಡವಾಗಿ ಹೆಸರಾಯಿತು. ದೆಹಲಿಯ ‘ಟೆರಿ’ ಸಂಸ್ಥೆ ಸ್ಥಳೀಯ ಹವಾಗುಣಕ್ಕೆ ಹೊಂದುವ ‘ಗೃಹ’ ಮಾಪನವನ್ನು ರೂಪಿಸಿತು. ಇವೆಲ್ಲ ಬೂಟಾಟಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಟ್ಟಡವೂ ಪರಿಸರದ ವಿಷಯವೆಂಬ ಮಾತನ್ನು ಮಾರುಕಟ್ಟೆಯೊಳಗೆ ತಂದದ್ದು ಇವೇ. ಆದರೆ ಫಲಕ ಸಿಗುವುದು ಹೆಚ್ಚಾಗಿ ವಿನ್ಯಾಸಕ್ಕೆ. ಸೈಕಲ್ ನಿಲ್ದಾಣಕ್ಕೆ ಒಂದು ಅಂಕ, ಬಣ್ಣದ ಗುಣಕ್ಕೆ ಒಂದು ಅಂಕ, ಇಂಧನಕ್ಕೆ ಕೆಲವು ಅಂಕ. ಕೂಡಿಸಿದ ಮೊತ್ತಕ್ಕೆ ಪದಕ. 2009ರಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಗೈ ನ್ಯೂಶಾಮ್ ಮತ್ತು ಸಂಗಡಿಗರು ‘ಲೀಡ್’ ಪಡೆದ 100 ಕಟ್ಟಡಗಳ ನಿಜವಾದ ಬಳಕೆಯನ್ನು ಪರಿಶೀಲಿಸಿದರು. ಸರಾಸರಿ ನೋಡಿದರೆ ಅವು ಸಾಮಾನ್ಯ ಕಟ್ಟಡಗಳಿಗಿಂತ ಕಡಿಮೆ ಇಂಧನ ಬಳಸುತ್ತಿದ್ದವು. ಆದರೆ ಅವುಗಳಲ್ಲಿ ಶೇ 28ರಿಂದ 35ರಷ್ಟು ತಮ್ಮಂಥದೇ ಸಾಮಾನ್ಯ ಕಟ್ಟಡಗಳಿಗಿಂತ ಹೆಚ್ಚು ಬಳಸುತ್ತಿದ್ದವು! ಪದಕದ ದರ್ಜೆಗೂ ಅಳೆದ ಬಳಕೆಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ತಳಿಯ ಚೀಲದ ಮೇಲೆ ಎಕರೆಗೆ ಇಷ್ಟು ಕ್ವಿಂಟಲ್ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಇಳುವರಿ ಬರುವುದಿಲ್ಲವೆಂದು ರೈತನಿಗೆ ಗೊತ್ತು. ಕಣಕ್ಕೆ ಬಂದ ಮೇಲೆಯೇ ಅಳತೆ.

ಇಂಥ ಫಲಕಗಳಿಗೆ ಬದಲಾಗಿ ದೇಶದ ಕೆಲವೆಡೆ ಹೆಚ್ಚುವರಿ ನೆಲಗಟ್ಟಿನ ಪ್ರಮಾಣವನ್ನು ಉಡುಗೊರೆ ಕೊಡುವ ಪದ್ಧತಿಯೂ ಇದೆ. ಅಂದರೆ ‘ಹಸಿರಾಗಿ ಕಟ್ಟಿದರೆ ಇನ್ನಷ್ಟು ಕಟ್ಟಿ’. ಕಡಿಮೆ ತಿನ್ನುವೆನೆಂದು ಪ್ರಮಾಣ ಮಾಡಿದವನಿಗೆ ಎರಡನೆಯ ಎಲೆ ಹಾಕಿದಂತೆ.

ಮಾರುಕಟ್ಟೆಯೇ ಇದನ್ನು ಸರಿಪಡಿಸುತ್ತದೆ, ಇಂಧನ ಉಳಿದರೆ ಹಣ ಉಳಿಯುತ್ತದೆ, ಯಾರಿಗೆ ಬೇಡ ಎಂಬ ವಾದವಿದೆ. ಸ್ವಂತ ಬಳಕೆಗೆ ಕಟ್ಟುವವನ ಮಟ್ಟಿಗೆ ಅದು ನಿಜ. ಇನ್ಫೋಸಿಸ್ ಸಂಸ್ಥೆ 2011ರಲ್ಲಿ ಹೈದರಾಬಾದಿನ ತನ್ನ ಪೋಚಾರಂ ಆವರಣದಲ್ಲಿ ಒಂದೇ ಕಟ್ಟಡವನ್ನು ಎರಡು ಸಮಪಾಲು ಮಾಡಿ, ಒಂದರಲ್ಲಿ ರೂಢಿಯ ಹವಾನಿಯಂತ್ರಣವನ್ನೂ ಇನ್ನೊಂದರಲ್ಲಿ ತಾರಸಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವಿಧಾನವನ್ನೂ ಅಳವಡಿಸಿ, ಎರಡಕ್ಕೂ ಮೀಟರಿಟ್ಟು ಹೋಲಿಸಿತು. ತಣ್ಣೀರಿನ ಭಾಗ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಇಂಧನ ಬಳಸಿತು. ಅಳವಡಿಕೆಯ ವೆಚ್ಚವೂ ಹೆಚ್ಚಾಗಲಿಲ್ಲ. ಖರ್ಚಿನ ನೆಪ ಹೇಳುವವರಿಗೆ ಇದೊಂದೇ ಉತ್ತರ ಸಾಕು.

ಆದರೆ ಬಾಡಿಗೆಗೆಂದೇ ಕಟ್ಟುವ ಕಟ್ಟಡಗಳ ಕಥೆ ಬೇರೆ. ಅಲ್ಲಿ ಕಟ್ಟುವವನೊಬ್ಬ, ಬಿಲ್ಲು ತೆರುವವನಿನ್ನೊಬ್ಬ. ದಪ್ಪ ಗೋಡೆಗೆ, ನೆರಳಿನ ಚಾಚಿಗೆ ಹಣ ಹಾಕಬೇಕಾದವನು ಮಾಲೀಕ, ಉಳಿತಾಯ ಬಾಡಿಗೆದಾರನದು. ಗಾಜಿನ ಪರದೆ ಗೋಡೆ ಬೇಗ ಏರುತ್ತದೆ, ತೆಳುವಾದ್ದರಿಂದ ಬಾಡಿಗೆಗೆ ಸಿಗುವ ಜಾಗ ಹೆಚ್ಚುತ್ತದೆ, ಜಾಹೀರಾತಿನ ಚಿತ್ರದಲ್ಲಿ ಸಿಂಗಾಪುರದಂತೆ ಕಾಣುತ್ತದೆ. ವಿದ್ಯುತ್ ಬಿಲ್ಲು ಬರುವ ಹೊತ್ತಿಗೆ ಕಟ್ಟಿದವನು ಮುಂದಿನ ನಿವೇಶನದಲ್ಲಿ ಅಡಿಪಾಯ ತೆಗೆಯುತ್ತಿರುತ್ತಾನೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇಂಥಲ್ಲಿ ಸ್ವಯಂಪ್ರೇರಣೆ ಹುಟ್ಟುವುದಾದರೂ ಎಲ್ಲಿಂದ? ಕಡ್ಡಾಯದ ಅಗತ್ಯ ಇರುವುದೇ ಇಲ್ಲಿ. ಅಮೆರಿಕದ ಬೋಸ್ಟನ್ ನಗರ 2007ರಲ್ಲಿಯೇ 50 ಸಾವಿರ ಚದರಡಿ ಮೀರಿದ ಹೊಸ ನಿರ್ಮಾಣಗಳಿಗೆ ಹಸಿರು ಮಾನದಂಡವನ್ನು ನಗರ ವಿಧಿಯಲ್ಲಿಯೇ ಸೇರಿಸಿತು. ನ್ಯೂಯಾರ್ಕ್ ಇನ್ನೂ ಮುಂದೆ ಹೋಗಿ 2019ರಲ್ಲಿ, 25 ಸಾವಿರ ಚದರಡಿ ಮೀರಿದ ಬಹುಪಾಲು ಕಟ್ಟಡಗಳ ಹೊರಸೂಸುವಿಕೆಗೆ 2024ರಿಂದ ಮಿತಿ ಹಾಕಿ, ಮೀರಿದ ಪ್ರತಿ ಟನ್ನಿಗೂ ದಂಡ ಗೊತ್ತುಮಾಡಿತು. ಬಂಡವಾಳದ ತವರಿನಲ್ಲಿ ಆಗಬಹುದಾದದ್ದು ಇಲ್ಲಿ ಮಾತ್ರ ‘ಅಭಿವೃದ್ಧಿ ವಿರೋಧಿ’ಯಾಗುತ್ತದೆ.

ಒಂದು ಸರಳ ಲೆಕ್ಕ. ಒಂದು ಲಕ್ಷ ಚದರ ಮೀಟರಿನ ಕಚೇರಿ ಸಂಕೀರ್ಣವೊಂದು ಚದರ ಮೀಟರಿಗೆ ವರ್ಷಕ್ಕೆ 150 ಯೂನಿಟ್ ಬಳಸುತ್ತದೆಂದು ಇಟ್ಟುಕೊಂಡರೆ ಒಟ್ಟು ಒಂದೂವರೆ ಕೋಟಿ ಯೂನಿಟ್. ಸಂಹಿತೆಯ ಕನಿಷ್ಠ ಮಟ್ಟ ಮುಟ್ಟಿದರೂ ಉಳಿಯುವುದು 37.5 ಲಕ್ಷ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಉರಿಸುವ ಮೂರು ಸಾವಿರಕ್ಕೂ ಹೆಚ್ಚು ಮನೆಗಳ ವರ್ಷದ ಬಳಕೆ ಅದು. ಒಂದೇ ಸಂಕೀರ್ಣದಿಂದ, ಒಂದೇ ವರ್ಷದಲ್ಲಿ. ಕಟ್ಟಡ ಐವತ್ತು ವರ್ಷ ನಿಲ್ಲುತ್ತದೆ.

ಈಗ ಶರಾವತಿಗೆ ಬರಬೇಕು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಅವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಸುತ್ತುತ್ತಿದ್ದಾರೆ. ಹಿನ್ನೀರಿನಾಚೆ ಉಳಿದ ತುಮರಿ ಭಾಗದವರು ಲಾಂಚಿನ ಬದಲು ಸೇತುವೆಯ ಮೇಲೆ ನಡೆಯಲು 2025ರ ಜುಲೈವರೆಗೆ ಕಾದರು. ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್ ಸಾಲದೆಂದು ಈಗ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆ ಪ್ರಸ್ತಾವಿತವಾಗಿದೆ. ಜಾಗ ಯಾವುದು? ಸಿಂಗಳೀಕಗಳ ಉಳಿವಿಗೆಂದು 2019ರಲ್ಲಿ ಸರ್ಕಾರವೇ ಘೋಷಿಸಿದ ಶರಾವತಿ ಕಣಿವೆ ಅಭಯಾರಣ್ಯ. 2025ರ ಸೆಪ್ಟೆಂಬರಿನ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ತಮ್ಮ ವಿರೋಧವನ್ನು ದಾಖಲಿಸಿದರು.

ಯೋಜನೆಯ ಸಮರ್ಥನೆ ಹೀಗಿದೆ: ಹಗಲಿನಲ್ಲಿ ಸೌರವಿದ್ಯುತ್ತು ಹೆಚ್ಚಾಗುತ್ತದೆ, ಸೂರ್ಯ ಮುಳುಗಿದ ಮೇಲೆ ಬೇಡಿಕೆ ಉಳಿಯುತ್ತದೆ. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆ ಕೆಳಗೆ ಬಿಟ್ಟರೆ ಕೊರತೆ ತುಂಬುತ್ತದೆ. ನೂರು ಯೂನಿಟ್ ಹಾಕಿದರೆ ಹಿಂದೆ ಬರುವುದು 75–80 ಎಂಬುದನ್ನು ಮೆಲ್ಲಗೆ ಹೇಳಲಾಗುತ್ತದೆ. ರಾಜ್ಯದ ಗರಿಷ್ಠ ಬೇಡಿಕೆ 2024ರ ಬೇಸಿಗೆಯಲ್ಲಿ 17 ಸಾವಿರ ಮೆಗಾವ್ಯಾಟ್ ದಾಟಿದ್ದನ್ನು ಜೋರಾಗಿಯೇ ಹೇಳಲಾಗುತ್ತದೆ. ಗಾಜಿನ ಕಟ್ಟಡಗಳನ್ನು ನಿಲ್ಲಿಸಿದರೆ ಶರಾವತಿ ಯೋಜನೆ ತಾನಾಗಿ ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಸಂಜೆಯ ಬೇಡಿಕೆಯಲ್ಲಿ ಮನೆಗಳ ದೀಪವಿದೆ, ಕಾರ್ಖಾನೆಯಿದೆ, ಬೀದಿದೀಪವಿದೆ. ಆದರೆ ಪಶ್ಚಿಮಕ್ಕೆ ಗಾಜೊಡ್ಡಿದ ಕಟ್ಟಡದ ತಂಪುಗಾರಿಕೆಯ ಹೊರೆ ತುದಿ ಮುಟ್ಟುವುದು ಯಾವಾಗ? ನಾಲ್ಕು–ಐದು ಗಂಟೆಯ ಹೊತ್ತಿಗೆ, ಸೌರಫಲಕಗಳು ಸೋಲುವ ವೇಳೆಗೆ ಸರಿಯಾಗಿ. ಕಾಂಕ್ರೀಟು ಹೀರಿಕೊಂಡ ಬಿಸಿ ಆಮೇಲೆಯೂ ಗಂಟೆಗಟ್ಟಲೆ ಒಳಕ್ಕೇ ಇಳಿಯುತ್ತದೆ. ಅಮೆರಿಕದ ಹಗಲಿಗೆ ಹೊಂದಿಕೊಂಡ ಕಚೇರಿಗಳು ರಾತ್ರಿಯಿಡೀ ಕೆಲಸ ಮಾಡುತ್ತವೆ. ಸಂಜೆಯ ಕೊರತೆಯನ್ನು ವಿನ್ಯಾಸದಿಂದಲೇ ಹುಟ್ಟಿಸಿ, ಅದನ್ನು ತುಂಬಲು ಕಣಿವೆಯನ್ನು ಕೊರೆಯುವುದು ಯಾವ ಶಾಸ್ತ್ರ?

ಇನ್ನೊಂದು ದಾರಿ ಎಂಜಿನಿಯರುಗಳಿಗೆ ಹೊಸತೇನಲ್ಲ. ಹಗಲಿನ ಸೌರವಿದ್ಯುತ್ತಿನಿಂದ ನೀರನ್ನು ತಣ್ಣಗಾಗಿಸಿ ಅಥವಾ ಮಂಜುಗಡ್ಡೆ ಮಾಡಿ ಕಟ್ಟಡದ ತಳದ ತೊಟ್ಟಿಯಲ್ಲಿಟ್ಟು, ಸಂಜೆ ಅದೇ ತಂಪನ್ನು ಬಳಸುವ ವ್ಯವಸ್ಥೆ ಜಗತ್ತಿನ ಹಲವೆಡೆ ದಶಕಗಳಿಂದ ನಡೆಯುತ್ತಿದೆ. ಅದಕ್ಕೆ ಅಭಯಾರಣ್ಯ ಬೇಡ, ಸುರಂಗ ಬೇಡ; ನೆಲಮಾಳಿಗೆಯಲ್ಲಿ ಹತ್ತಾರು ಕಾರು ನಿಲ್ಲಿಸುವಷ್ಟು ಜಾಗ ಸಾಕು. ಇಂತಿಷ್ಟು ಗಾತ್ರ ಮೀರಿದ ಹೊಸ ವಾಣಿಜ್ಯ ಕಟ್ಟಡ ತನ್ನ ಸಂಜೆಯ ತಂಪನ್ನು ತಾನೇ ಕೂಡಿಟ್ಟುಕೊಳ್ಳಬೇಕು, ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ಹೊರಗಿನಿಂದಲೇ ನೆರಳು ಒದಗಿಸಬೇಕು, ಗಾಜಿನ ಮಿತಿಗೆ ಹಿಂಬಾಗಿಲು ಇರಬಾರದು ಎಂದು ರಾಜ್ಯದ ಸಂಹಿತೆಯಲ್ಲಿ ಬರೆಯಲು ಅಡ್ಡಿಯೇನು? ಕಾಯ್ದೆಯೇ ರಾಜ್ಯಕ್ಕೆ ಸಂಹಿತೆಯನ್ನು ಸ್ಥಳೀಯ ಹವಾಗುಣಕ್ಕೆ ತಿದ್ದಿಕೊಳ್ಳುವ ಅಧಿಕಾರ ಕೊಟ್ಟಿದೆ. ಹಣ ಕಟ್ಟಬೇಕಾದವರು ಬದಲಾಗುತ್ತಾರೆ, ಅಷ್ಟೇ ಅಡ್ಡಿ. ತೊಟ್ಟಿಗೆ ಕಟ್ಟಡದ ಮಾಲೀಕ ಹಣ ಹಾಕಬೇಕು. ಕಣಿವೆಗೆ ಸಾರ್ವಜನಿಕರು ಹಾಕುತ್ತಾರೆ, ಸಿಂಗಳೀಕ ತನ್ನ ಪಾಲು ಬೇರೆಯಾಗಿ ಕೊಡುತ್ತದೆ.

ನೀರಿನ ಲೆಕ್ಕವೂ ಇದೇ ದಾರಿಯದು. ದೊಡ್ಡ ಹವಾನಿಯಂತ್ರಣ ವ್ಯವಸ್ಥೆಗಳು ಬಿಸಿಯನ್ನು ಹೊರಹಾಕುವುದು ತಾರಸಿಯ ಮೇಲಿನ ತಂಪುಗೋಪುರಗಳಲ್ಲಿ ನೀರನ್ನು ಆವಿ ಮಾಡುವ ಮೂಲಕ. ಒಂದು ಟನ್ ಸಾಮರ್ಥ್ಯಕ್ಕೆ ಗಂಟೆಗೆ ಸುಮಾರು 6 ಲೀಟರ್ ಆವಿಯಾಗುತ್ತದೆ. ಸಾವಿರ ಟನ್ನಿನ ವ್ಯವಸ್ಥೆ ಪೂರ್ಣ ಹೊರೆಯಲ್ಲಿ ಹತ್ತು ಗಂಟೆ ಓಡಿದರೆ 60 ಸಾವಿರ ಲೀಟರ್. ಬೇಸಿಗೆಯಲ್ಲಿ ಹನಿ ನೀರಾವರಿಯ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಡುತ್ತಾರೆ. ಅಂದರೆ ಒಂದು ಕಟ್ಟಡದ ನೆತ್ತಿಯಿಂದ ಒಂದು ದಿನದಲ್ಲಿ ಮೂರು ಸಾವಿರ ಮರಗಳ, ಐದಾರು ಎಕರೆ ತೋಟದ ನೀರು ಆಕಾಶಕ್ಕೆ ಹಾರುತ್ತದೆ. ತೋಟದಲ್ಲಿ ಹಾರಿದ ನೀರು ಅಡಿಕೆಯನ್ನಾದರೂ ಬಿಟ್ಟುಹೋಗುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5 ಸಾವಿರ ರೂಪಾಯಿ ದಂಡ ಹಾಕುವ ಪರಿಸ್ಥಿತಿ ಬಂತು. ಅದಕ್ಕೂ ಮೊದಲೇ, 2019ರಲ್ಲಿ, ಸುಮಾರು 400 ಕಿಲೋಮೀಟರ್ ದೂರದ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಲವಾಗಿ ಕೇಳಿಬಂದು, ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಆ ಬಂದ್‌ನ ಬೇಡಿಕೆಗಳಲ್ಲಿ ‘ತಂಪುಗೋಪುರಕ್ಕೆ ಸಂಸ್ಕರಿಸಿದ ಕೊಳಚೆನೀರನ್ನೇ ಬಳಸುವುದು ಕಡ್ಡಾಯವಾಗಲಿ’ ಎಂಬುದೊಂದು ಇದ್ದಿದ್ದರೆ, ಮಲೆನಾಡಿನವರು ಬರಿಯ ‘ಕೊಡೆವು’ ಎನ್ನುವವರಲ್ಲ, ‘ಬೇಡದಂತೆ ಬದುಕುವುದು ಹೀಗೆ’ ಎನ್ನುವವರೂ ಹೌದೆಂದು ರಾಜಧಾನಿಗೆ ತಿಳಿಯುತ್ತಿತ್ತು.

ಹೋರಾಟದ ವಲಯದಲ್ಲಿಯೇ ಈ ವಿಷಯದ ಬಗ್ಗೆ ಒಂದು ತಾತ್ಸಾರವಿದೆ. ಹಸಿರು ಕಟ್ಟಡವೆಂದರೆ ಕಂಪನಿಗಳ ಶೋಕಿ. ನಿಜವಾದ ಹಸಿರು ಮಣ್ಣಿನ ಗೋಡೆ, ನಾಡಹೆಂಚು, ಜಗಲಿ, ಅಟ್ಟ ಇದ್ದ ಹಿರಿಯರ ಮನೆಯಲ್ಲಿತ್ತು ಎಂಬ ಭಾವನೆ. ಮಾಡಿನ ಚಾಚು, ಅಟ್ಟದ ಗಾಳಿಪದರ, ದಪ್ಪ ಗೋಡೆ ಇವುಗಳ ಜಾಣ್ಮೆ ದೊಡ್ಡದೇ. ಆದರೆ ಆ ದೊಡ್ಡ ಮನೆಗಳ ಕಂಬ, ತೊಲೆ, ಮುಚ್ಚಿಗೆಗಳು ಎಷ್ಟು ಕಾಡನ್ನು ತಿಂದವೆಂಬುದನ್ನು ಮರೆತು ಹಾಡಿಹೊಗಳುವುದು ಬೇಡ. ಲಕ್ಷ ಜನ ದುಡಿಯುವ ಕಚೇರಿಗಳನ್ನು ಜಗಲಿಯ ಮೇಲೆ ಕೂರಿಸಲಾಗದು. ಬೇಕಾಗಿರುವುದು ಆ ಜಾಣ್ಮೆಯ ಲೆಕ್ಕವನ್ನು ದೊಡ್ಡ ಕಟ್ಟಡಕ್ಕೆ ಹೊಂದಿಸುವ ವಿಜ್ಞಾನ. ಅದೂ ಇಲ್ಲಿಯೇ ಹುಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸುಡದೆ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಆ ಇಟ್ಟಿಗೆಯ ಮನೆಗಳು ಬೆಂಗಳೂರಿನಲ್ಲಿಯೇ ನಿಂತಿವೆ. ಸಂಹಿತೆ ಕಡ್ಡಾಯವಾಗದಿದ್ದುದರಿಂದ ಅವು ಆಸಕ್ತರ ಮನೆಗಳಾಗಿ ಉಳಿದವು, ಮಾರುಕಟ್ಟೆಯ ರೂಢಿಯಾಗಲಿಲ್ಲ.

ಮಲೆನಾಡು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. 2011ರ ಗಾಡ್ಗೀಳ್ ಸಮಿತಿಯ ವರದಿ ಘಟ್ಟದ ಊರುಗಳಿಗೆ ಕಟ್ಟಡ ಸಂಹಿತೆಯೊಂದನ್ನು ಸೂಚಿಸಿತ್ತು: ಉಕ್ಕು, ಸಿಮೆಂಟು, ಮರಳಿನ ಬಳಕೆ ತಗ್ಗಿಸುವುದು, ಮಳೆನೀರು ಹಿಡಿಯುವುದು, ನವೀಕರಿಸಬಹುದಾದ ಇಂಧನ, ಮೇಲ್ಮಣ್ಣಿನ ರಕ್ಷಣೆ, ‘ಗೃಹ’ದಂಥ ಮಾನದಂಡಗಳ ಪಾಲನೆ. ಆ ಪುಟಗಳನ್ನು ಓದುವ ಮೊದಲೇ ‘ಇನ್ನು ಸಿಮೆಂಟಿನ ಮನೆ ಕಟ್ಟಲು ಬಿಡುವುದಿಲ್ಲ’ ಎಂಬ ಗುಲ್ಲು ಹಬ್ಬಿತು. ಗುಲ್ಲು ಹಬ್ಬಿಸಿದವರ ಹಿಂದೆ ಯಾರಿದ್ದರೆಂಬುದು ಬೇರೆ ಮಾತು. ನಂಬಿದವರು ಮಾತ್ರ ಸಣ್ಣ ಹಿಡುವಳಿಯವರು. ಬಳಿಕ ಬಂದ ಕಸ್ತೂರಿರಂಗನ್ ವರದಿ ಸೂಕ್ಷ್ಮ ಪ್ರದೇಶದಲ್ಲಿ 20 ಸಾವಿರ ಚದರ ಮೀಟರ್ ಮೀರಿದ ನಿರ್ಮಾಣ ಬೇಡವೆಂದಿತು. ಅಷ್ಟು ದೊಡ್ಡ ಕಟ್ಟಡ ಯಾವ ರೈತನ ಕನಸಿನಲ್ಲಿಯೂ ಬಂದಿರಲಾರದು. ಆದರೂ ರೈತನನ್ನೇ ಮುಂದಿಟ್ಟುಕೊಂಡು ಎರಡೂ ವರದಿಗಳನ್ನು ಹೊರತಳ್ಳಲಾಯಿತು. ಈಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಗುಡ್ಡದ ನೆತ್ತಿ ಕಡಿದು ರೆಸಾರ್ಟುಗಳು ಏಳುತ್ತಿವೆ. ವರ್ಷಕ್ಕೆ ಎಂಟು ತಿಂಗಳು ಬಾಗಿಲು ತೆರೆದರೇ ತಣ್ಣಗಿರುವ ಊರಿನಲ್ಲಿ ಗಾಜಿನ ಕೋಣೆಗೆ ಹವಾನಿಯಂತ್ರಣ. ಹತ್ತು ಕುಟೀರಗಳಿಗೆ ಹತ್ತು ಪ್ರತ್ಯೇಕ ಸಂಪರ್ಕ ಪಡೆದರೆ 100 ಕಿಲೋವ್ಯಾಟ್‌ನ ಮಿತಿ ಅವನ್ನು ತಾಗುವುದೂ ಇಲ್ಲ. 2022ರ ತಿದ್ದುಪಡಿ ಈ ಮಿತಿಯನ್ನು ಇನ್ನೂ ಕೆಳಗಿಳಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಘಟ್ಟದ ತಾಲ್ಲೂಕುಗಳಲ್ಲಿ ವಾಣಿಜ್ಯ ಕಟ್ಟಡಗಳಿಗೆ ಅದನ್ನು ಇಳಿಸಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಬಹುದು. ಬೆಂಗಳೂರಿಗೆ ಬುದ್ಧಿ ಹೇಳುವವರು ಸಾಗರದ, ಶಿರಸಿಯ ಹೊಸ ಗಾಜಿನ ಮಳಿಗೆಗಳನ್ನು ದಾಟಿಯೇ ಬಸ್ಸು ಹಿಡಿಯಬೇಕಲ್ಲವೇ?

ಕಡ್ಡಾಯವೆಂಬುದು ನಕ್ಷೆಗೆ ಮುದ್ರೆ ಒತ್ತುವಲ್ಲಿಗೆ ಮುಗಿಯಬಾರದು. ಕಟ್ಟಡ ತುಂಬಿ ಎರಡು ವರ್ಷವಾದ ಮೇಲೆ ಅದರ ನಿಜವಾದ ಬಳಕೆಯನ್ನು ಚದರ ಮೀಟರಿಗೆ ಇಷ್ಟು ಯೂನಿಟ್, ಇಷ್ಟು ಲೀಟರ್ ಎಂದು ಅಳೆದು, ಕಟ್ಟಡದ ಬಾಗಿಲಿನಲ್ಲಿಯೂ ಸರ್ಕಾರದ ದಾಖಲೆಯಲ್ಲಿಯೂ ಪ್ರಕಟಿಸಬೇಕು. ಹೇಳಿದ ಮಟ್ಟ ಮುಟ್ಟದಿದ್ದರೆ ವಿದ್ಯುತ್ ದರವೇ ಮೇಲಿನ ಮೆಟ್ಟಿಲಿಗೆ ಹೋಗಬೇಕು. ಮಳೆನೀರು ಕೊಯ್ಲಿನ ದಂಡ ನೀರಿನ ಬಿಲ್ಲಿನಲ್ಲಿ ಬಂದಂತೆ ಇದು ವಿದ್ಯುತ್ ಬಿಲ್ಲಿನಲ್ಲಿ ಬರಲಿ. ಸ್ವಾಧೀನಾನುಭವ ಪತ್ರವನ್ನು ಮೊದಲು ತಾತ್ಕಾಲಿಕವಾಗಿ ಕೊಟ್ಟು, ಅಳತೆ ಮುಗಿದ ಮೇಲೆ ಕಾಯಂಗೊಳಿಸಬಹುದು.

ಇದಕ್ಕೆ ಬೇಕಾದ ಮಾಹಿತಿಯನ್ನು ಹೊಸದಾಗಿ ಹುಟ್ಟಿಸಬೇಕಿಲ್ಲ. 100 ಕಿಲೋವ್ಯಾಟ್ ಮೀರಿದ ವಾಣಿಜ್ಯ ಸಂಪರ್ಕಗಳು ಎಷ್ಟು, ಪ್ರತಿಯೊಂದರ ಮಾಸಿಕ ಬಳಕೆ ಎಷ್ಟು ಎಂಬುದು ವಿದ್ಯುತ್ ಸರಬರಾಜು ಕಂಪನಿಗಳ ಬಿಲ್ಲಿಂಗ್ ಕಂಪ್ಯೂಟರಿನಲ್ಲಿಯೇ ಇದೆ. ಕಟ್ಟಡದ ವಿಸ್ತೀರ್ಣ ನಗರಪಾಲಿಕೆಯ ಕಡತದಲ್ಲಿದೆ. ಎರಡನ್ನೂ ಒಂದೇ ಹಾಳೆಯ ಮೇಲೆ ತಂದವರಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಮುಂದಿನ ಅಹವಾಲು ಸಭೆಗೆ ಹೋಗುವ ಮೊದಲು ಶರಾವತಿ ಕಣಿವೆಯ ಊರೂರಿನಿಂದ ಒಂದೊಂದು ಅರ್ಜಿ ಹೊರಡಲಿ. ಕೇಳಬೇಕಾದದ್ದು ಇಷ್ಟೇ: ಸಂಹಿತೆ ಅನ್ವಯಿಸುವ ಕಟ್ಟಡಗಳು ನಗರದಲ್ಲಿ ಎಷ್ಟು ಎದ್ದಿವೆ, ಅವುಗಳಲ್ಲಿ ಎಷ್ಟರ ಪಾಲನೆಯನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸಲಾಗಿದೆ, ಪಾಲಿಸದ ಎಷ್ಟು ಕಟ್ಟಡಗಳಿಗೆ ಸ್ವಾಧೀನಾನುಭವ ಪತ್ರ ನಿರಾಕರಿಸಲಾಗಿದೆ?